ಗಟ್ಟಿ ತುಂಡು

ಬೆಳಗ್ಗೆ ಒಂಬತ್ತೂಕಾಲಿಗೆ ಹುಡುಗನ ತೊಡೆಮೂಳೆಯಿಂದ ತೆಗೆದ ಮೂರು ತುಂಡುಗಳು ಲ್ಯಾಬಿಗೆ ಬಂದವು. ಫಾರ್ಮಲಿನ್ ತುಂಬಿದ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ ಒಂದು ನಂಬರು, ವಯಸ್ಸು ಇಪ್ಪತ್ತು, ಎಡಗಾಲು, ಮೊಣಕಾಲಿನ ಮೇಲ್ಭಾಗ ಎಂಬ ವಿವರ. ಸಹಿ ಹಾಕಿ ಡಬ್ಬಿಯನ್ನು ಇಳಿಸಿಕೊಂಡವಳು ಹುಡುಗನ ಸೋದರತ್ತೆ.

ಆಸ್ಪತ್ರೆಯ ಆ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಮೂಳೆಯಕ್ಕ ಎಂದು. ದೇಹದಿಂದ ಕತ್ತರಿಸಿ ತೆಗೆದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲೆ ಡಾಕ್ಟರ ಮುಂದಿಡುವುದು ಅಲ್ಲಿನ ತಂತ್ರಜ್ಞರ ಕೆಲಸ. ಚರ್ಮ, ಕರುಳು, ಲಿವರ್ ಯಾವುದಾದರೂ ಸರಿ, ಮಾತು ಕೇಳುತ್ತವೆ. ಮೂಳೆ ಕೇಳುವುದಿಲ್ಲ, ಬ್ಲೇಡಿನ ಬಾಯೇ ಮುರಿಯುತ್ತದೆ. ಅದರೊಳಗಿನ ಸುಣ್ಣವನ್ನು ಮೊದಲು ಆ್ಯಸಿಡ್ಡಿನಲ್ಲಿ ಕರಗಿಸಬೇಕು. ಸುಣ್ಣ ಹೋದ ಮೇಲೆ ಉಳಿಯುವುದು ಕೊಲಾಜೆನ್ ಎಂಬ ನಾರು. ಮೂಳೆಯ ಆಕಾರ ಹಾಗೇ ಇರುತ್ತದೆ, ಆದರೆ ಹಿಡಿದು ಬಗ್ಗಿಸಿದರೆ ರಬ್ಬರಿನ ಹಾಗೆ ಬಗ್ಗುತ್ತದೆ. ಈ ಕೆಲಸಕ್ಕೆ ತಾಳ್ಮೆ ಬೇಕು, ಇಲ್ಲಿ ಯಾರ ಅವಸರವೂ ನಡೆಯುವುದಿಲ್ಲ. ಹಾಗಾಗಿ ಅದು ವರ್ಷಗಳಿಂದ ಅವಳ ತಲೆಗೇ ಕಟ್ಟಿದ್ದ ಕೆಲಸ. ಹುಡುಗ ಚಿಕ್ಕವನಿದ್ದಾಗ ಒಮ್ಮೆ ಅವಳು ಕೋಳಿಯ ಕಾಲ್ಮೂಳೆಯನ್ನು ವಿನೆಗರಿನಲ್ಲಿ ನೆನೆಹಾಕಿ, ಅದು ಮೆತ್ತಗಾದ ಮೇಲೆ ಗಂಟು ಹಾಕಿ ಕೊಟ್ಟಿದ್ದಳು. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಸ್ಕೂಲಿಗೆ ಹೋಗಿ, ಕ್ಲಾಸಿನ ಅರ್ಧ ಮಕ್ಕಳು ಕಿರುಚುವ ಹಾಗೆ ಮಾಡಿ, ಬೈಸಿಕೊಂಡು ಬಂದಿದ್ದ.

ಅವಳು ತುಂಡುಗಳನ್ನು ಬಟ್ಟಲಿಗೆ ಸುರಿದು ದೀಪದ ಕೆಳಗೆ ನೋಡಿದಳು. ಎರಡು ತುಂಡು ನೀಲಿ ಬೆರೆತ ಬೂದು ಬಣ್ಣ, ಒದ್ದೆ ಗಾಜಿನಂತೆ ಹೊಳಪು, ಚಿಮಟದ ತುದಿಗೆ ಮೆತ್ತಗೆ. ಅದು ಮೃದ್ವಸ್ಥಿ, ಅಂದರೆ ಕಿವಿಯಲ್ಲೂ ಮೂಗಿನ ತುದಿಯಲ್ಲೂ ಇರುವ ಮೆದು ಮೂಳೆ. ಮೂರನೆಯದು ಅಕ್ಕಿಕಾಳಿನಷ್ಟು, ಬಿಳಿಚಿಕೊಂಡ ಹಳದಿ. ಚಿಮಟ ತಾಗಿದರೆ ಮರಳಿನ ಸದ್ದು.

ವಿಭಾಗದ ಪದ್ಧತಿ ಸರಳ. ಮೆತ್ತಗಿನದು ಅಂದೇ ಮುಂದಕ್ಕೆ ಹೋಗುತ್ತದೆ, ಮರುದಿನ ಸ್ಲೈಡ್ ಸಿದ್ಧ. ಗಟ್ಟಿಯದು ಆ್ಯಸಿಡ್ಡಿನ ಬಾಟಲಿಗೆ ಬೀಳುತ್ತದೆ, ಅದು ಯಾವಾಗ ಮೆತ್ತಗಾಗುತ್ತದೋ ಆವಾಗ. ಎರಡೂ ಬರುವವರೆಗೆ ರಿಪೋರ್ಟ್ ಇಲ್ಲ. ಈ ವಿಷಯದಲ್ಲಿ ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಬಹಳ ಕಟ್ಟುನಿಟ್ಟು. ಮೂಳೆಯ ಗಡ್ಡೆ ಒಂದು ಕಡೆ ಒಂದು ವೇಷ, ಇನ್ನೊಂದು ಕಡೆ ಇನ್ನೊಂದು ವೇಷ ಹಾಕುತ್ತದೆ, ಅರ್ಧ ನೋಡಿ ಮಾತಾಡಿದವರು ಆಮೇಲೆ ಮುಖ ಎತ್ತಿಕೊಂಡು ಓಡಾಡುವುದು ಕಷ್ಟ ಎಂದು ಪ್ರತಿ ವರ್ಷ ಹೊಸದಾಗಿ ಬರುವ ಡಾಕ್ಟರುಗಳಿಗೆ ಹೇಳುತ್ತಿದ್ದರು. ಮೂಳೆಯಕ್ಕನೂ ಹೊಸಬರಿಗೆ ಅದನ್ನೇ ಹೇಳಿಕೊಡುತ್ತಿದ್ದಳು.

ಅವಳು ಎರಡನ್ನು ಆಚೆಗಿಟ್ಟು ಮೂರನೆಯದನ್ನು ಆ್ಯಸಿಡ್ಡಿಗೆ ಹಾಕಿದಳು.

ಹುಡುಗ ಅವಳ ತಮ್ಮನ ಮಗ. ತಮ್ಮ ಟೈಲ್ಸ್ ಮೇಸ್ತ್ರಿ. ಮಗನೂ ಅಪ್ಪನ ಜೊತೆಗೇ ಕೆಲಸಕ್ಕೆ ಇಳಿದಿದ್ದ. ನೆಲದ ಏರಿಳಿತವನ್ನು ಬರೀ ಕಣ್ಣಿನಲ್ಲೇ ಹೇಳುತ್ತಾನೆಂದು ಜೊತೆಯವರು ಅವನಿಗೆ 'ಲೆವೆಲ್ಲು' ಎಂದು ಹೆಸರಿಟ್ಟಿದ್ದರು. ದಿನವಿಡೀ ಮಂಡಿಯೂರಿ ಮಾಡುವ ಕೆಲಸ. ಎಡ ಮಂಡಿ ನೋಯುತ್ತಿದೆ ಎಂದು ಹುಡುಗ ಮೊದಲ ಸಲ ಹೇಳಿದಾಗ ಅಪ್ಪ ನಕ್ಕಿದ್ದ.

"ಟೈಲ್ಸ್ ಹಾಕೋನಿಗೆ ಮಂಡಿ ನೋಯದೆ ಮೂಗು ನೋಯುತ್ತೇನೋ? ನಂದು ಇಪ್ಪತ್ತೈದು ವರ್ಷದಿಂದ ನೋಯ್ತಾ ಇದೆ, ಯಾರಿಗಾದ್ರೂ ಹೇಳಿದೀನಾ?"

"ದಿನಾ ಹೇಳ್ತೀರಲ್ಲ," ಎಂದಿದ್ದಳು ಅವನ ಹೆಂಡತಿ.

ಮುಲಾಮು ಹಚ್ಚಿದ್ದಾಯಿತು, ದಪ್ಪ ಸ್ಪಂಜಿನ ಮಂಡಿಪಟ್ಟಿ ಕೊಂಡಿದ್ದಾಯಿತು. ನೋವು ಮಲಗಿದಾಗಲೂ ಬಿಡದೆ, ಮಂಡಿಯ ಮೇಲೆ ಊತ ಕಾಣಿಸಿಕೊಂಡಾಗ ಮೂಳೆಯಕ್ಕನೇ ಹಟ ಹಿಡಿದು ಆಸ್ಪತ್ರೆಗೆ ಕರೆತಂದು ಎಕ್ಸ್‌ರೇ ತೆಗೆಸಿದಳು. ಸರ್ಜನ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕಾಲಿಗೆ ಪಟ್ಟಿ ಬಿಗಿದು, ಎರಡು ಊರುಗೋಲು ಕೊಟ್ಟರು. "ಒಳಗೆ ಮೂಳೆ ಸವೆದಿದೆ. ರಿಪೋರ್ಟ್ ಬರೋವರೆಗೂ ಈ ಕಾಲು ನೆಲ ಮುಟ್ಟಬಾರದು," ಎಂದರು.

ಮಧ್ಯಾಹ್ನ ತಮ್ಮನ ಫೋನ್ ಬಂತು.

"ಬಂತಾ ಅಕ್ಕ?"

"ಬಂದಿದೆ. ಕೆಲಸ ಶುರು ಮಾಡಿದೀನಿ."

"ನಾಳೆ ಗೊತ್ತಾಗುತ್ತಾ?"

"ಸ್ವಲ್ಪ ನಾಳೆ. ಪೂರ್ತಿ ಗೊತ್ತಾಗೋಕೆ ಇನ್ನೂ ಎರಡು ಮೂರು ದಿನ. ಆ್ಯಸಿಡ್ಡಲ್ಲಿ ನೆನೀಬೇಕು."

"ಜೋರಾದ ಆ್ಯಸಿಡ್ ಹಾಕೇ. ನಾವು ಕಲೆ ತೆಗೆಯೋಕೆ ಹಾಕ್ತೀವಲ್ಲ, ಅಂಥದ್ದು. ಐದು ನಿಮಿಷ ಸಾಕು."

"ಅದನ್ನ ಹಾಕಿದ್ರೆ ನಿನ್ನ ಟೈಲ್ಸಿನ ಬಣ್ಣಾನೇ ಹೋಗುತ್ತೆ, ಇದು ಉಳಿಯುತ್ತಾ? ಸುಣ್ಣದ ಜೊತೆ ನೋಡಬೇಕಾದ್ದೂ ಕರಗಿ ಹೋಗುತ್ತೆ. ಆಮೇಲೆ ಇನ್ನೊಂದು ಸಲ ಅವನ ಕಾಲಿಗೆ ಸೂಜಿ ಹಾಕಿಸ್ತೀಯಾ?"

"ಬೇಡ ಬೇಡ," ಎಂದ ತಮ್ಮ. ಆಮೇಲೆ, "ಇವಳು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಅದಕ್ಕೇ ಕೇಳಿದೆ," ಎಂದ.

ತಾನೂ ತಿಂದಿಲ್ಲ ಎಂಬುದು ಆ ಮಾತಿನಲ್ಲೇ ಇತ್ತು. ಅವನನ್ನು ಎತ್ತಿ ಆಡಿಸಿದವಳಿಗೆ ಅದು ಕೇಳಿಸದೆ ಇರಲಿಲ್ಲ.

ಮರುದಿನ ಮೆತ್ತಗಿನ ತುಂಡುಗಳ ಸ್ಲೈಡ್ ತಯಾರಾಯಿತು. ದೊಡ್ಡ ಮೇಡಂ ಮೀಟಿಂಗಿಗೆ ಹೋಗಿದ್ದರು. ಚಿಕ್ಕ ಡಾಕ್ಟರ್, ಆ ವರ್ಷವಷ್ಟೇ ಸೇರಿದ್ದ ಕನ್ನಡಕದ ಯುವಕ, ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ. ಅವಳು ಅವನ ಬೆನ್ನ ಹಿಂದೆ ನಿಂತಳು. ಯಾವತ್ತೂ ಹಾಗೆ ನಿಂತವಳಲ್ಲ.

"ಇದು ನಮ್ಮ ಹುಡುಗಂದು," ಎಂದಳು.

ಅವನು ಎದ್ದು ಜಾಗ ಬಿಟ್ಟ. ಅವಳು ಕಣ್ಣಿಟ್ಟು ನೋಡಿದಳು. ತೆಳು ನೀಲಿಯ ಬಯಲು. ಅದರಲ್ಲಿ ಅಲ್ಲಲ್ಲಿ ಪುಟ್ಟ ಗುಳಿಗಳು, ಗುಳಿಗೊಂದು ಕೋಶ. ಇಷ್ಟು ವರ್ಷದಲ್ಲಿ ಅವಳು ನೂರಾರು ಸಲ ನೋಡಿದ್ದ ಮೃದ್ವಸ್ಥಿ. ಕೊಲಾಜೆನ್ ಅದರಲ್ಲೂ ಇರುತ್ತದೆ, ಆದರೆ ಅದು ನೀರು ಹಿಡಿದಿಡುವ ಬೇರೆ ಜಾತಿಯ ನಾರು, ಬಣ್ಣ ಹಾಕಿದರೆ ಮೂಳೆಯ ನಾರಿನ ಹಾಗೆ ಗುಲಾಬಿ ಹಿಡಿಯುವುದಿಲ್ಲ. ಆ ಬಯಲಿನಲ್ಲಿ ಎಲ್ಲೂ ಗುಲಾಬಿ ಇರಲಿಲ್ಲ.

"ಬರೀ ಮೆದು ಮೂಳೆ ತಾನೆ?" ಎಂದಳು.

"ಈ ತುಂಡಿನ ಮಟ್ಟಿಗೆ ಹೌದು ಅಕ್ಕ. ಮೃದ್ವಸ್ಥಿ ಕಟ್ಟೋ ಗಡ್ಡೆ. ಕೋಶಗಳು ತೀರಾ ಕೆಟ್ಟದಾಗೇನೂ ಇಲ್ಲ, ಸ್ವಲ್ಪ ದೊಡ್ಡದಾಗಿವೆ ಅಷ್ಟೇ. ಆದ್ರೆ ವಯಸ್ಸು ಇಪ್ಪತ್ತು, ಜಾಗ ಮಂಡಿಯ ಹತ್ರ. ಗಟ್ಟಿ ತುಂಡು ಬರಲಿ, ನೋಡೋಣ."

ಅವಳು ಮೊದಲಿನ ಮಾತನ್ನು ಎತ್ತಿಕೊಂಡಳು, ಕೊನೆಯದನ್ನು ಅಲ್ಲೇ ಬಿಟ್ಟಳು. ಹೊಸಬಳಾಗಿದ್ದರೆ ಭಯದಿಂದಲಾದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ತನಗೆ ಗೊತ್ತಾಗುತ್ತದೆ ಎಂಬ ಧೈರ್ಯ ಅವಳಿಗೆ ಬಂದು ಬಹಳ ವರ್ಷವಾಗಿತ್ತು. ಮೆಟ್ಟಿಲ ತಿರುವಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು.

"ಬರೀ ಮೆದು ಮೂಳೆ ಕಣೋ. ನಾನೇ ನೋಡಿದೆ. ಕೆಟ್ಟದ್ದೇನೂ ಕಾಣಿಸ್ತಿಲ್ಲ."

ಆ ಕಡೆಯಿಂದ ಅವನು ಮೂಗು ಸೀಟಿದ ಸದ್ದು. ಫೋನು ಅವನ ಹೆಂಡತಿಯ ಕೈಗೆ ಹೋಯಿತು.

"ಅತ್ತಿಗೆ, ಇವರು ಅಳ್ತಿದಾರೆ. ಏನಾಯ್ತು ಹೇಳಿ."

"ಏನೂ ಆಗಿಲ್ಲ. ಮೊದಲು ಇಬ್ಬರೂ ಊಟ ಮಾಡಿ."

ಸಂಜೆ ಕೆಲಸ ಮುಗಿಸಿ ಅವಳು ತಮ್ಮನ ಮನೆಗೆ ಹೋದಳು. ಎರಡು ಕೋಣೆಯ ಮನೆ. ಬೇರೆ ಬೇರೆ ಕೆಲಸಗಳಲ್ಲಿ ಉಳಿದುಬಂದ ಟೈಲ್ಸುಗಳನ್ನೇ ಹಾಕಿದ್ದರಿಂದ ಹಜಾರದ ನೆಲ ಐದಾರು ಬಣ್ಣ. ಆದರೆ ಎಲ್ಲಿಯೂ ಒಂದು ಅಂಚು ಕಾಲಿಗೆ ತಡೆಯುತ್ತಿರಲಿಲ್ಲ. ಹುಡುಗ ಕಾಲಿನ ಪಟ್ಟಿ ಬಿಚ್ಚಿಟ್ಟು ಕುರ್ಚಿಯಲ್ಲಿ ಕೂತಿದ್ದ. ಊರುಗೋಲುಗಳು ಬಾಗಿಲ ಹಿಂದೆ ಸೇರಿದ್ದವು.

"ಯಾರೋ ಬಿಚ್ಚು ಅಂದಿದ್ದು ಅದನ್ನ?"

"ಕೆರೆತ ಅತ್ತೆ. ಒಳಗೆ ಇರುವೆ ಸಂಸಾರ ಮಾಡ್ತಿದೆ." ಅವನು ಮಂಡಿ ಸವರಿಕೊಂಡ. "ಇನ್ನು ಕೆಲಸಕ್ಕೆ ಹೋಗಬಹುದಲ್ವಾ?"

"ಸರ್ಜನ್ ಹೇಳೋವರೆಗೂ ಬೇಡ."

"ಹಲ್ಲಿನ ಡಾಕ್ಟರ್ ಕ್ಲಿನಿಕ್ಕಿನ ನೆಲ ಅರ್ಧಕ್ಕೆ ನಿಂತಿದೆ ಅಕ್ಕ," ಎಂದ ತಮ್ಮ. "ಅವರು ದಿನಾ ಬಂದು ನನ್ನ ಬಾಯಿ ನೋಡ್ತಾರೆ, ಹಲ್ಲು ಕೀಳೋರ ಹಾಗೆ. ಇವನು ಕೂತ್ಕೊಂಡು ನಾಲ್ಕು ಟೈಲ್ಸ್ ಕಟ್ ಮಾಡಿಕೊಟ್ರೆ ಸಾಕು. ಮಂಡಿ ಊರೋದು ಬೇಡ. ಕುರ್ಚಿ ಹಾಕಿ ಕೂರಿಸ್ತೀನಿ, ಮಹಾರಾಜನ ಹಾಗೆ."

"ಮಹಾರಾಜರು ಕಟ್ಟರ್ ಹಿಡೀತಾರಾ?" ಎಂದ ಹುಡುಗ.

ನಾದಿನಿ, ತಮ್ಮನ ಹೆಂಡತಿ, ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕ ನಗು. ತನಗೇ ಕೇಳಿಸಿ ಗಾಬರಿಯಾದವಳಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇನ್ನೊಂದು ತುಂಡು ಬಾಕಿ ಇದೆ ಎಂಬ ಮಾತು ಮೂಳೆಯಕ್ಕನ ನಾಲಿಗೆಯ ತುದಿಗೆ ಬಂತು. ಆ ನಗುವಿನ ಎದುರಿಗೆ ನಾಲಿಗೆ ಹೊರಳಲಿಲ್ಲ. ನಾಳೆ ನಾಡಿದ್ದರಲ್ಲಿ ಗಟ್ಟಿ ತುಂಡೂ ಇದನ್ನೇ ಹೇಳಿದರೆ ಸುಮ್ಮನೆ ಇವರ ಒಂದು ಸಂಜೆ ಹಾಳು ಮಾಡಿದ ಹಾಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. "ಕುರ್ಚಿ ಬಿಟ್ಟು ಏಳಿಸಬೇಡ," ಎಂದಷ್ಟೇ ತಮ್ಮನಿಗೆ ಹೇಳಿ, ಅವರ ಜೊತೆ ಊಟ ಮಾಡಿ ಎದ್ದಳು.

ಎರಡು ದಿನ ಕಳೆದ ಮೇಲೆ ಗಟ್ಟಿ ತುಂಡಿಗೆ ಸೂಜಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಿತು. ಸುಣ್ಣ ಹೋಗಿತ್ತು. ಅವಳು ಅದನ್ನು ತೊಳೆದು ಮೇಣ ಹಿಡಿಸುವ ಯಂತ್ರಕ್ಕೆ ಹಾಕುವ ಹೊತ್ತಿಗೆ ಫೋನ್ ಬಡಿದುಕೊಂಡಿತು.

ಹಲ್ಲಿನ ಕ್ಲಿನಿಕ್ಕಿನಲ್ಲಿ ಹುಡುಗ ಬಿದ್ದಿದ್ದ. ಅಪ್ಪ ಸಿಮೆಂಟ್ ಕಲಸಲು ಹೊರಗೆ ಹೋದಾಗ ಕುರ್ಚಿಯಿಂದ ಎದ್ದು, ಟೈಲ್ಸಿನ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ಎರಡು ಹೆಜ್ಜೆ ಇಟ್ಟಿದ್ದನಂತೆ. ಎಡವಿರಲಿಲ್ಲ, ಜಾರಿರಲಿಲ್ಲ. ಕಾಲು ತಾನಾಗಿಯೇ ಮುರಿದಿತ್ತು. ಮುರಿದ ಸದ್ದಿಗೆ ಟೈಲ್ಸ್ ಒಡೆಯಿತೆಂದುಕೊಂಡು ಅಪ್ಪ ಬೈಯುತ್ತಾ ಒಳಗೆ ಬಂದಿದ್ದ.

ಅವಳು ತುಂಡನ್ನು ಯಂತ್ರದೊಳಗಿಟ್ಟು, ಮುಚ್ಚಳ ಭದ್ರ ಮಾಡಿ, ಕೈ ತೊಳೆದು, ಕೆಳಗಿಳಿದು ತುರ್ತು ವಿಭಾಗಕ್ಕೆ ಹೋದಳು. ಹುಡುಗನನ್ನು ಎಕ್ಸ್‌ರೇಗೆ ಒಯ್ದಿದ್ದರು. ತಮ್ಮ ಗೋಡೆಗೆ ಒರಗಿ ನಿಂತಿದ್ದ. ಪ್ಯಾಂಟಿನ ಮಂಡಿಯ ಮೇಲೆ ಸಿಮೆಂಟ್ ಒಣಗಿ ಬಿಳಿಯಾಗಿತ್ತು. ನಾದಿನಿ ಬೆಂಚಿನ ತುದಿಯಲ್ಲಿ ಕೂತು ಊರುಗೋಲುಗಳನ್ನು ತಬ್ಬಿಕೊಂಡಿದ್ದಳು. ಮನೆಯಿಂದ ಅವನ್ನು ಎತ್ತಿಕೊಂಡೇ ಓಡಿಬಂದಿದ್ದಳು.

"ಮುರೀತು ಅಕ್ಕ," ಎಂದ ತಮ್ಮ. "ಆದ್ರೆ ಮುರಿದ ಮೂಳೆ ಕೂಡುತ್ತೆ ಬಿಡು. ನೀನೇ ಹೇಳಿದ್ಯಲ್ಲ, ಕೆಟ್ಟದ್ದೇನೂ ಇಲ್ಲ ಅಂತ. ಅದೊಂದು ಇಲ್ವಲ್ಲ, ಅಷ್ಟು ಸಾಕು. ನಾನು ಇವಳಿಗೂ ಅದನ್ನೇ ಹೇಳ್ತಾ ಇದ್ದೆ."

ಮೂಳೆಯಕ್ಕ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಇನ್ನೊಂದು ತುಂಡು ಇದೆ," ಎಂದಳು.

"ಯಾವ ತುಂಡು?"

"ಗಟ್ಟಿದು. ಅದಿನ್ನೂ ನೋಡಿಲ್ಲ. ನಾಳೆ ಬರುತ್ತೆ. ನಾನು ಹೇಳಿದ್ದು ಮೆತ್ತಗಿನದು ನೋಡಿ."

ತಮ್ಮನಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅವನು ದಡ್ಡನಲ್ಲ, ನೆಲದ ಒಂದು ಮೂಲೆ ನೋಡಿ ಇಡೀ ನೆಲ ಸಮವಾಗಿದೆ ಎಂದು ಯಾವತ್ತೂ ಹೇಳಿದವನಲ್ಲ.

"ಅವತ್ತು ನನಗೆ ಫೋನ್ ಮಾಡಿದಾಗ ಅದು ಬಾಕಿ ಇರೋದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮನೆಗೆ ಬಂದಾಗ?"

"ಆಗಲೂ."

ಅವನು ಕಾರಿಡಾರಿನ ಕೊನೆಗೆ ಹೋಗಿ ಚಹಾದ ಎರಡು ಲೋಟ ತಂದ. ಒಂದನ್ನು ಹೆಂಡತಿಗೆ ಕೊಟ್ಟು, ಇನ್ನೊಂದನ್ನು ತಾನು ಕುಡಿದ. ನಾದಿನಿ ತನ್ನ ಲೋಟವನ್ನು ಮುಟ್ಟದೆ ಅತ್ತಿಗೆಯ ಕಡೆ ಸರಿಸಿದಳು. ಅದು ಯಾರೂ ಕುಡಿಯದೆ ತಣ್ಣಗಾಯಿತು.

ಗಟ್ಟಿ ತುಂಡಿನ ಸ್ಲೈಡ್ ಮರುದಿನ ಮಧ್ಯಾಹ್ನ ದೊಡ್ಡ ಮೇಡಂ ಮೇಜಿಗೆ ಹೋಯಿತು. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕ ಅದು. ಮೇಡಂ ಒಬ್ಬರೇ ಒಂದು ಸುತ್ತು ನೋಡಿ ಮುಗಿಸಿ, ಅವಳನ್ನು ಕರೆದು ಎದುರಿನ ಸ್ಟೂಲಿನಲ್ಲಿ ಕೂರಿಸಿದರು.

"ನೀನೇ ನೋಡು. ನಾನು ಹೇಳೋದಕ್ಕಿಂತ ಅದು ಮೇಲು."

ಒಂದು ಅಂಚಿನಲ್ಲಿ ಅದೇ ನೀಲಿ ಬಯಲು. ಆದರೆ ಅದು ಒಳಕ್ಕೆ ಹೋಗುತ್ತಾ ಕಲಕಿಹೋಗಿತ್ತು. ಕೋಶಗಳು ದೊಡ್ಡವು, ಕಪ್ಪು, ಒಂದರ ಹಾಗೆ ಇನ್ನೊಂದಿಲ್ಲ. ಅವುಗಳ ನಡುವೆ ಸಣ್ಣ ಸಣ್ಣ ಗುಲಾಬಿ ಎಳೆಗಳು, ಹರಿದ ಜಾಲರಿಯ ಹಾಗೆ.

"ಅದು ಕೊಲಾಜೆನ್ ತಾನೆ ಮೇಡಂ? ಗಾಯದ ನಾರಿರಬಹುದು," ಎಂದಳು ಮೂಳೆಯಕ್ಕ. ತನ್ನ ದನಿಯಲ್ಲಿದ್ದ ಆಸೆ ತನಗೇ ಕೇಳಿಸಿತು.

"ಕೊಲಾಜೆನ್ನೇ. ಆದ್ರೆ ಗಾಯದ ನಾರು ಬಾಚಿದ ಕೂದಲ ಹಾಗೆ ಒಂದೇ ದಿಕ್ಕಿಗೆ ಇರುತ್ತೆ. ಇದು ನೋಡು, ಒಂದೊಂದು ಕೋಶವನ್ನೂ ತಬ್ಬಿಕೊಂಡಿದೆ. ಆ ಕೋಶಗಳು ತಾವೇ ಕಟ್ಟಿ, ತಾವೇ ಅದರಲ್ಲಿ ಹೂತುಹೋಗಿವೆ. ಸುಣ್ಣ ಸೇರೋಕೆ ಮುಂಚಿನ ಮೂಳೆ ಇದು." ಮೇಡಂ ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದರು. "ಗಡ್ಡೆ ತಾನೇ ಮೂಳೆ ಕಟ್ಟಿದ್ರೆ ಅದರ ಹೆಸರೇ ಬೇರೆ. ಮೆದು ಮೂಳೆ ಎಷ್ಟೇ ಇರಲಿ, ಇಂಥ ಎಳೆ ಒಂದು ಸಿಕ್ಕರೂ ಸಾಕು."

ಬೇರೆ ಹೆಸರೆಂದರೇನು ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಳೆಯರ ಮೂಳೆಯಲ್ಲಿ ಹುಟ್ಟಿ, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗುವ ಕ್ಯಾನ್ಸರ್. ಮೆದು ಮೂಳೆಯ ವೇಷ ಹಾಕಿದ ಜಾತಿ.

"ಮನೆಯಲ್ಲಿ ಏನಾದ್ರೂ ಹೇಳಿದ್ಯಾ?" ಎಂದು ಮೇಡಂ ಕೇಳಿದರು.

"ಹೇಳಿದೀನಿ."

"ಏನಂತ?"

"ಮೆತ್ತಗಿನ ತುಂಡಲ್ಲಿ ಕಂಡಿದ್ದನ್ನ."

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ದೀಪ ಆರಿಸಿ, "ಸರ್ಜನ್‌ಗೆ ನಾನೇ ಹೇಳ್ತೀನಿ. ನೀನು ಇವತ್ತು ಮನೆಗೆ ಹೋಗು," ಎಂದರು. ಅವಳು ಹೋಗಲಿಲ್ಲ. ಆ ದಿನ ಬಂದ ಉಳಿದ ತುಂಡುಗಳನ್ನೆಲ್ಲ ಮೇಣಕ್ಕೆ ಕೂರಿಸಿ, ಮೇಜು ಒರೆಸಿ ಎದ್ದಳು.

ಸರ್ಜನ್ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಾತಾಡಿದರು. ಮೂಳೆಯಕ್ಕ ಬಾಗಿಲ ಬಳಿ ನಿಂತಿದ್ದಳು.

"ಮುರಿಯದೆ ಇದ್ದಿದ್ರೆ ಗಡ್ಡೆ ಇರೋ ಮೂಳೆಯಷ್ಟನ್ನೇ ತೆಗೆದು ಲೋಹದ್ದು ಕೂರಿಸೋಣ ಅಂತಿದ್ದೆ. ಕಾಲು ಉಳೀತಿತ್ತು. ಈಗ ಒಳಗೆ ರಕ್ತ ಸುರಿದಿದೆ. ಅದರ ಜೊತೆ ಗಡ್ಡೆಯ ಕೋಶಗಳೂ ಸುತ್ತಲಿನ ಮಾಂಸಕ್ಕೆ ಹೋಗಿರುತ್ವೆ. ಮೊದಲು ಡ್ರಿಪ್ಪಲ್ಲಿ ಔಷಧಿ ಕೊಡ್ತೀವಿ. ಗಡ್ಡೆ ಕುಗ್ಗಿದ್ರೆ ನಾನು ಪ್ರಯತ್ನ ಬಿಡೋದಿಲ್ಲ. ಕುಗ್ಗದಿದ್ರೆ ಕಾಲಿಗಿಂತ ಜೀವ ಮುಖ್ಯ."

ತಮ್ಮ ಒಂದೇ ಪ್ರಶ್ನೆ ಕೇಳಿದ. "ಮುರಿದಿದ್ದು ಕೆಲಸಕ್ಕೆ ಹೋಗಿದ್ದರಿಂದಲೇನಾ?"

"ಸವೆದ ಮೂಳೆ. ಮನೆಯಲ್ಲೇ ಮಲಗಿದ್ರೂ ಮುರೀಬಹುದಿತ್ತು," ಎಂದರು ಸರ್ಜನ್. ಅವರು ಒಳ್ಳೆಯವರು. ಕೇಳಿದವರೂ ಹೇಳಿದವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಾಲಿಗೆ ಹೊರಗಿನಿಂದ ಕಂಬಿ ಬಿಗಿದು ಅಲುಗದ ಹಾಗೆ ಮಾಡಿ ಔಷಧಿ ಶುರು ಮಾಡಿದರು. ಹುಡುಗನ ಕೂದಲು ಉದುರಿತು, ಬಾಯಿ ಹುಣ್ಣಾಯಿತು, ನೀರಿನ ವಾಸನೆಗೂ ವಾಂತಿ ಬಂತು. ಮೂಳೆಯಕ್ಕ ಪ್ರತಿದಿನ ಊಟದ ಬಿಡುವಿನಲ್ಲಿ ವಾರ್ಡಿಗೆ ಹತ್ತುತ್ತಿದ್ದಳು. ಅವಳು ಬರುವುದು ಕಂಡರೆ ತಮ್ಮ ಎದ್ದು ಕಿಟಕಿಯ ಹತ್ತಿರ ಹೋಗುತ್ತಿದ್ದ. ಮಾತು ಬಿಟ್ಟಿದ್ದ. ಜಗಳವಾಡಿ ಬಿಟ್ಟದ್ದಲ್ಲ, ಏನಾದರೂ ಬೇಕಾದರೆ ಹೆಂಡತಿಯ ಬಾಯಲ್ಲಿ ಕೇಳಿಸುತ್ತಿದ್ದ.

"ಕಾಟನ್ ಬೇಕಂತೆ ಅತ್ತಿಗೆ."

"ತರ್ತೀನಿ."

"ನೀವು ಊಟ ಮಾಡಿದ್ರಾ ಅಂತ ಕೇಳ್ತಿದಾರೆ," ಎಂದಳು ಒಂದು ದಿನ. ಕಿಟಕಿಯ ಹತ್ತಿರ ನಿಂತವನು ಹಾಗೇನೂ ಕೇಳಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಹುಡುಗ ಮಾತ್ರ ಅತ್ತೆಯ ಜೊತೆ ಮೊದಲಿನಂತೆಯೇ ಇದ್ದ. ನೋವು ಕಡಿಮೆಯಿದ್ದ ದಿನ ಮಲಗಿದಲ್ಲಿಂದಲೇ ವಾರ್ಡಿನ ನೆಲ ನೋಡಿ, "ಆ ಮೂರನೇ ಸಾಲು ಹಾಕಿದೋನು ಮನೆಗೆ ಹೋಗೋ ಅವಸರದಲ್ಲಿದ್ದ," ಎನ್ನುತ್ತಿದ್ದ. ನರ್ಸುಗಳು ನಂಬದೆ ಒಮ್ಮೆ ಅಲ್ಲಿ ನೀರು ಚೆಲ್ಲಿ ನೋಡಿದರು. ನೀರು ಅವನು ಹೇಳಿದ ಕಡೆಗೇ ಹರಿಯಿತು.

ಗಡ್ಡೆ ಕುಗ್ಗಲಿಲ್ಲ. ಹೊಸ ಸ್ಕ್ಯಾನಿನಲ್ಲಿ ಅದು ಒಂದಿಷ್ಟು ಬೆಳೆದೇ ಇತ್ತು. ತೊಡೆಯ ಮೇಲ್ಭಾಗದಿಂದ ಕಾಲು ತೆಗೆಯುವುದೆಂದು ನಿರ್ಧಾರವಾಯಿತು. ಹಿಂದಿನ ದಿನ ಸಂಜೆ ಹುಡುಗ ಅವಳನ್ನು ಹತ್ತಿರ ಕರೆದ.

"ಅತ್ತೆ, ಅದು ನಿಮ್ಮ ಲ್ಯಾಬಿಗೇ ಬರುತ್ತಂತಲ್ಲ."

"ಹೌದು ಕಂದ."

"ನೀವೇ ನೋಡ್ಕೋತೀರಾ? ಬೇರೆ ಯಾರಾದ್ರೂನಾ?"

"ನಾನು ಬೇಡ ಅಂದ್ರೆ ಬೇರೆಯವರು ನೋಡ್ತಾರೆ."

ಅವನು ಯೋಚಿಸಿದ. "ನೀವೇ ನೋಡಿ. ಪಾದಕ್ಕೆ ಕಚಗುಳಿ ಜಾಸ್ತಿ, ಹುಷಾರು," ಎಂದ. ನಗಲು ಹೋಗಿ, ಅರ್ಧದಲ್ಲಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವಳು ಅವನ ಬೋಳುತಲೆಯ ಮೇಲೆ ಕೈಯಿಟ್ಟುಕೊಂಡು, ಭೇಟಿಯ ಹೊತ್ತು ಮುಗಿಯಿತೆಂದು ನರ್ಸ್ ಹೇಳುವವರೆಗೂ ಕೂತಿದ್ದಳು.

ಕಾಲು ಲ್ಯಾಬಿಗೆ ಬಂದಾಗ ದೊಡ್ಡ ಮೇಡಂ ಈ ಕೆಲಸ ಚಿಕ್ಕ ಡಾಕ್ಟರಿಗೆ ವಹಿಸುತ್ತೇನೆಂದರು. ಅವಳು ಬೇಡವೆಂದಳು. ಏಪ್ರನ್ ಕಟ್ಟಿ, ಕೈಗವಸು ಹಾಕಿ, ಮೂಳೆಯನ್ನು ಸುತ್ತಲಿನ ಮಾಂಸದಿಂದ ಬಿಡಿಸಿ, ಯಂತ್ರದ ಗರಗಸಕ್ಕೆ ಕೊಟ್ಟು ಉದ್ದಕ್ಕೆ ಸೀಳಿದಳು. ನಡುವಿನ ಹೋಳನ್ನು ಚೌಕ ಚೌಕವಾಗಿ ಕತ್ತರಿಸಿ, ಯಾವ ಚೌಕ ಎಲ್ಲಿಯದೆಂದು ಗುರುತು ಹಾಕಿ, ಎಲ್ಲವನ್ನೂ ಆ್ಯಸಿಡ್ಡಿಗೆ ಇಳಿಸಿದಳು. ಪಾದವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ರತ್ಯೇಕವಾಗಿ ಇಟ್ಟಳು. ಚಿಕ್ಕ ಡಾಕ್ಟರ್ ಪಕ್ಕದಲ್ಲಿ ನಿಂತು ಅಳತೆ ಬರೆದುಕೊಂಡ. ಒಂದು ಕಡೆ ಅವನು ಅಂಕಿ ತಪ್ಪು ಬರೆದ. ಅವಳೇ ತಿದ್ದಿಸಿದಳು.

ಅಷ್ಟೂ ಚೌಕಗಳು ಮೆತ್ತಗಾಗಿ, ಸ್ಲೈಡುಗಳಾಗಿ ಬರಲು ವಾರಗಟ್ಟಲೆ ಹಿಡಿಯಿತು. ಈ ಸಲ ಅವಳು ಒಂದನ್ನೂ ಇಣುಕಿ ನೋಡಲಿಲ್ಲ. ಕಟ್ಟು ಪೂರ್ತಿಯಾದ ಮೇಲೆ ಮೇಡಂ ಮೇಜಿನ ಮೇಲಿಟ್ಟು ಬಂದಳು.

ಮೇಡಂ ಎರಡು ದಿನ ನೋಡಿದರು. ಆಮೇಲೆ ಕರೆದರು.

"ಅಂಚು ಸ್ವಚ್ಛವಾಗಿದೆ. ಕತ್ತರಿಸಿದ ಜಾಗದಲ್ಲಿ ಗಡ್ಡೆ ಇಲ್ಲ. ಆದ್ರೆ ಔಷಧಿಗೆ ಸತ್ತಿರೋದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಬದುಕಿದೆ." ಅದರ ಅರ್ಥ ಏನೆಂದು ಇಬ್ಬರಿಗೂ ಗೊತ್ತಿತ್ತು. ಮೇಡಂ ಒಂದು ಸ್ಲೈಡನ್ನು ಬೇರೆಯಾಗಿ ಎತ್ತಿಟ್ಟಿದ್ದರು. "ಇದನ್ನ ಮೊದಲು ಗಡ್ಡೆ ಅಂದ್ಕೊಂಡೆ. ಬಾ, ನೋಡು."

ಮುರಿದ ಜಾಗದ ಚೌಕ ಅದು. ನೀಲಿ ಮೃದ್ವಸ್ಥಿಯ ಒಂದು ದಿಬ್ಬ. ಆದರೆ ಇಲ್ಲಿ ಕೋಶಗಳು ಒಂದೇ ಗಾತ್ರ, ಸಾಲು ಹಿಡಿದು ನಿಂತಿದ್ದವು. ಸಾಲಿನ ಕೊನೆಯಲ್ಲಿ ನೀಲಿ ಮುಗಿದು ಗುಲಾಬಿ ಶುರುವಾಗಿತ್ತು. ಹರಿದ ಜಾಲರಿಯಲ್ಲ, ಅಚ್ಚುಕಟ್ಟಾದ ಹೊಸ ಮೂಳೆ, ಪದರದ ಮೇಲೆ ಪದರ.

"ವಾಸಿಯಾಗ್ತಿದ್ದ ಮೂಳೆ," ಎಂದರು ಮೇಡಂ. "ಅಷ್ಟು ಔಷಧಿ ಬಿದ್ದಿದೆ ಮೈಗೆ. ಪಕ್ಕದಲ್ಲೇ ಆ ಗಡ್ಡೆ. ಆದ್ರೂ ದೇಹ ತನ್ನ ಪಾಡಿಗೆ ತಾನು ಕೂಡಿಸ್ತಾ ಇತ್ತು."

ಮೂಳೆಯಕ್ಕ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಮೇಡಂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು.

ರಿಪೋರ್ಟಿಗೆ ಸಹಿಯಾದ ಮೇಲೆ, ಸಂಜೆ, ತಮ್ಮನ ಫೋನ್ ಬಂತು. ತುರ್ತು ವಿಭಾಗದ ಆ ದಿನದ ನಂತರ ಅವನು ಅವಳಿಗೆ ಮಾಡಿದ ಮೊದಲ ಫೋನ್.

"ಬಂತಂತೆ."

"ಬಂದಿದೆ."

"ಇನ್ನು ಯಾವುದಾದ್ರೂ ತುಂಡು ಬಾಕಿ ಇದೆಯಾ?"

"ಇಲ್ಲ. ಎಲ್ಲಾ ನೋಡಿ ಆಯ್ತು. ಸರ್ಜನ್ ನಾಳೆ ಹೇಳ್ತಾರೆ ನಿಮಗೆ."

"ನಾಳೆ ಅವರ ಬಾಯಲ್ಲಿ ಕೇಳ್ತೀನಿ. ಇವತ್ತು ನೀನು ಹೇಳು. ಒಳ್ಳೇದು ಕೆಟ್ಟದ್ದು ಎರಡೂ ಒಟ್ಟಿಗೆ ಹೇಳು ಅಕ್ಕ. ಬಿಡಿ ಬಿಡಿಯಾಗಿ ಬೇಡ."

ಅವನು ಮತ್ತೆ ಅಕ್ಕ ಎಂದು ಕರೆದಿದ್ದ. ಅವಳು ಎರಡನ್ನೂ ಹೇಳಿದಳು. ಕತ್ತರಿಸಿದ ಅಂಚಿನಲ್ಲಿ ಏನೂ ಇಲ್ಲವೆಂದಳು. ಗಡ್ಡೆಯ ಹೆಚ್ಚು ಪಾಲು ಔಷಧಿಗೆ ಬಗ್ಗಿಲ್ಲವೆಂದಳು. ಹಾಗಾದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯ ಹೆಚ್ಚು, ಹೋಗಿಯೂ ಇರಬಹುದು, ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ ಎಂದಳು. ಮುಗಿದ ಮೇಲೆ ಅವನು, "ಸರಿ," ಎಂದ. ಫೋನ್ ಇಡಲಿಲ್ಲ. ಆ ಕಡೆ ವಾರ್ಡಿನ ಗಾಡಿಯ ಚಕ್ರದ ಸದ್ದು, ಯಾರೋ ಕೆಮ್ಮಿದ್ದು, ಹುಡುಗ ನೀರು ಕೇಳಿದ್ದು ಅವಳಿಗೆ ಕೇಳಿಸಿತು.

ಮುರಿದ ಮೂಳೆ ಕೂಡುತ್ತಿತ್ತೇ ಎಂದು ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಸೋಮವಾರದಿಂದ ಹುಡುಗನಿಗೆ ಬೇರೆ ಔಷಧಿ ಶುರು ಮಾಡಿದರು.